ಮೇಷ್ಟ್ರು ಲ್ಯಾಟಿನ್ನಿನಲ್ಲಿ ಕೇಳಿದ್ದು

ಜೂನ್ ೩, ಮಂಗಳವಾರ

ಇವರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಬಲಗೈ ಏಳುವುದಿಲ್ಲ, ಬಲಗಾಲು ಎಳೆಯುತ್ತದೆ. ಅದಕ್ಕೆಲ್ಲ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಮಾತು ಹೋಗುತ್ತದೆ ಎಂದುಕೊಂಡಿರಲಿಲ್ಲ. ವರ್ಷಗಟ್ಟಲೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು, ಇಂಗ್ಲಿಷ್, ಲ್ಯಾಟಿನ್, ಫ್ರೆಂಚ್ ನುಡಿಗಟ್ಟುಗಳ ಅರ್ಥ ಬಿಡಿಸಿ ಪ್ರತಿ ಭಾನುವಾರ ಪತ್ರಿಕೆಗೆ ಬರೆದವರು. ಈಗ ನೀರು ಕೇಳಲು ಬಾಯಿ ತೆರೆದು "ಅದು... ಅದು..." ಎಂದು ನಿಂತುಬಿಡುತ್ತಾರೆ. ನೀರೇ, ಕನ್ನಡಕವೇ, ಹೊದಿಕೆಯೇ ಎಂದು ನಾನು ಒಂದೊಂದಾಗಿ ಕೇಳಬೇಕು. ತಪ್ಪಾದರೆ ಎಡಗೈಯಿಂದ ಹಾಸಿಗೆ ಗುದ್ದುತ್ತಾರೆ.

ಮಗಳು ರಜೆ ಮುಗಿಸಿ ಹೊರಟುಹೋದಳು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್ನು, ಒಳಗಿನ ಕೋಣೆಯಲ್ಲಿ ಇವರು. ಒಂದು ಹೋಟೆಲಿನವರ ಪರದೆಗಳು ಹೊಲಿಯಲು ಬಿದ್ದಿವೆ. ಮಾತಾಡಲು ಮನೆಯಲ್ಲಿ ಯಾರೂ ಇಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಜೂನ್ ೬, ಶುಕ್ರವಾರ

ಮಾತ್ರೆ ಕೊಡುವಾಗ ಲೋಟ ಕೈಜಾರಿ ಬಿತ್ತು. ಇವರು ಚೂರುಗಳನ್ನು ನೋಡುತ್ತ, ಒಂದಕ್ಷರ ತೊದಲದೆ, "ಸೆ ಲಾ ವಿ" ಎಂದರು. ಬೈದರೇನೋ ಎಂದುಕೊಂಡೆ. ಮಗಳಿಗೆ ಫೋನ್ ಮಾಡಿ ಕೇಳಿದೆ. "ಅದು ಫ್ರೆಂಚ್ ಅಮ್ಮಾ. ಜೀವನ ಅಂದ್ರೆ ಇಷ್ಟೇ ಅಂತ" ಎಂದು ನಕ್ಕಳು. ನಗುತ್ತಲೇ ಅಳಲು ಶುರುಮಾಡಿದಳು.

ಮಧ್ಯಾಹ್ನ ಮಾತು ಕಲಿಸಲು ಬರುವ ಡಾಕ್ಟರಿಗೆ ಹೇಳಿದೆ. ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. ಪದಕ್ಕೆ ಪದ ಜೋಡಿಸಿ ವಾಕ್ಯ ಕಟ್ಟುವ ಶಕ್ತಿ ಪೆಟ್ಟು ತಿಂದಿದೆಯಂತೆ. ಆದರೆ ಇಡಿಯಾಗಿ ಉರು ಹೊಡೆದದ್ದು ಕೆಲವರಿಗೆ ಉಳಿಯುತ್ತದಂತೆ. ಒಬ್ಬರಿಗೆ ಮಗ್ಗಿ, ಒಬ್ಬರಿಗೆ ಹಾಡು, ಇನ್ನೊಬ್ಬರಿಗೆ ಬೈಗುಳ. "ಮೇಷ್ಟ್ರಿಗೆ ಈ ನುಡಿಗಟ್ಟುಗಳು ಉಳಿದಿವೆ. ಆಡಲಿ ಬಿಡಿ. ಕನ್ನಡ ಆಮೇಲೆ ಬರಬಹುದು" ಎಂದರು.

ಬರಬಹುದು. ಬರುತ್ತದೆ ಎನ್ನಲಿಲ್ಲ.

ಮದುವೆಯಾದ ಹೊಸತರಲ್ಲಿ ಪತ್ರಿಕೆಗೆ ಏನು ಬರೆಯುತ್ತೀರಿ ಎಂದು ಕೇಳಿದ್ದೆ. "ನಿಂಗ್ಯಾಕೆ ಆ ತಲೆನೋವು" ಎಂದಿದ್ದರು. ನಾನು ಮತ್ತೆ ಕೇಳಲಿಲ್ಲ. ನನ್ನ ಪರದೆಗಳ ಬಗ್ಗೆ ಅವರೂ ಕೇಳಿದವರಲ್ಲ. ಹಾಗೇ ಚೆನ್ನಾಗಿತ್ತು.

ಜೂನ್ ೧೧, ಬುಧವಾರ

ಇವತ್ತು ಫ್ರೆಂಚಮ್ಮ ಬಂದಿದ್ದಳು. ಇವರ ಕಾಲೇಜಿನಲ್ಲೇ ಫ್ರೆಂಚ್ ಪಾಠ ಮಾಡುತ್ತಿದ್ದವಳು, ನಿವೃತ್ತಿಯಾಗಿದ್ದಾಳೆ. "ನಮ್ಮ ಫ್ರೆಂಚಮ್ಮ ಹೀಗಂದ್ರು, ಹಾಗಂದ್ರು" ಎಂದು ಇವರು ಊಟಕ್ಕೆ ಕೂತಾಗ ಹೇಳುತ್ತಿದ್ದದ್ದು ನೆನಪಿದೆ. ಇವರ ಬೀಳ್ಕೊಡುಗೆಯ ದಿನ ಅವಳನ್ನು ದೂರದಿಂದ ನೋಡಿದ್ದೆ. ಗಿಡ್ಡ ಬಿಳಿ ಕೂದಲು, ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡ ಕನ್ನಡಕ. ಬಂದವಳೇ ಹಾಸಿಗೆ ಪಕ್ಕದ ಕುರ್ಚಿಯಲ್ಲಿ ಕೂತಳು. ಅದು ನಾನು ಕೂರುವ ಕುರ್ಚಿ.

ನಾನು ಟೀ ಮಾಡಲು ಹೋದೆ. ಒಳಗಿನಿಂದ ಅವಳು ಏನೋ ಫ್ರೆಂಚಿನಲ್ಲಿ ಅನ್ನುವುದು, ಇವರು ಥಟ್ಟನೆ ಇನ್ನೇನೋ ಅನ್ನುವುದು ಕೇಳಿಸುತ್ತಿತ್ತು. ಅಷ್ಟು ದಿನ ನನ್ನ ಮುಂದೆ ಹಾಸಿಗೆ ಗುದ್ದುತ್ತಿದ್ದವರು. ಟ್ರೇ ಹಿಡಿದು ಬಾಗಿಲಿಗೆ ಬಂದಾಗ ಇವರು "ತೆತ್ ಆ ತೆತ್" ಎಂದರು. ಅವಳು ಜೋರಾಗಿ ನಕ್ಕಳು. ಇವರೂ ನಕ್ಕರು.

ಆಸ್ಪತ್ರೆಯಿಂದ ಬಂದಮೇಲೆ ಇವರು ನಕ್ಕದ್ದು ಇದೇ ಮೊದಲು. ಒಂದು ನಗು ತರಿಸಲು ನಾನು ಏನೆಲ್ಲ ಸರ್ಕಸ್ ಮಾಡಿದ್ದೆ. ಟೀ ಇಟ್ಟು ಹೊರಗೆ ಬಂದೆ. ಯಾಕೆ ನಕ್ಕಿರಿ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಜೂನ್ ೧೨, ಗುರುವಾರ

ಔಷಧಿ ಅಂಗಡಿಯವನು ಫೋನಿನಲ್ಲಿ ಹುಡುಕಿ ಹೇಳಿದ. ತೆತ್ ಆ ತೆತ್ ಅಂದರೆ ತಲೆಗೆ ತಲೆ. ಇಬ್ಬರೇ ಕೂತು ಆಡುವ ಆಪ್ತ ಮಾತು.

ಇಬ್ಬರೇ. ಮೂರನೆಯವಳು ಟೀ ಹಿಡಿದು ನಿಂತಿದ್ದಳು.

ಜೂನ್ ೧೭, ಮಂಗಳವಾರ

ದಿನ ಬಿಟ್ಟು ದಿನ ಬರಲು ಶುರುಮಾಡಿದ್ದಾಳೆ. ನಾನು ಕುರ್ಚಿಯನ್ನು ಮೆಷಿನ್ನಿನ ಹತ್ತಿರ ತಂದು ಅದರ ಮೇಲೆ ಪರದೆ ಬಟ್ಟೆ ಗುಡ್ಡೆ ಹಾಕಿದೆ. ಅವಳು ಅಡುಗೆಮನೆಯ ಸ್ಟೂಲು ಎಳೆದುಕೊಂಡು ಕೂತಳು. ಟೀಗೆ ಸಕ್ಕರೆ ಹಾಕಲಿಲ್ಲ. ಅದನ್ನೂ ಕುಡಿದು, ಚೆನ್ನಾಗಿದೆ ಎಂದಳು. ಇಂಥವರ ಮೇಲೆ ಕೋಪ ಮಾಡಿಕೊಳ್ಳುವುದೂ ಕಷ್ಟ.

ಇವತ್ತು ಅವಳು ತಡವಾಗಿ ಬಂದಳು. ಅವಳು ಬರುವವರೆಗೂ ಇವರು ಬಾಗಿಲ ಕಡೆ ನೋಡುತ್ತ, "ಸಿನೆ ಕ್ವಾ ನಾನ್, ಸಿನೆ ಕ್ವಾ ನಾನ್" ಎಂದು ಚಡಪಡಿಸುತ್ತಿದ್ದರು. ಬಂದಮೇಲೆ ಅವಳನ್ನೇ ಅರ್ಥ ಕೇಳಿದೆ. ಅವಳು ಕನ್ನಡಕ ಮೂಗಿಗೇರಿಸಿ, "ಲ್ಯಾಟಿನ್ ಅದು. ಯಾವುದು ಇಲ್ದಿದ್ರೆ ನಡೆಯೋದೇ ಇಲ್ವೋ ಅದು" ಎಂದಳು. ಹೇಳುವಾಗ ಅವಳ ಕೆನ್ನೆ ಕೆಂಪಾಯಿತು. ಇಲ್ಲ, ಆಗಿರಲಿಲ್ಲವೇನೋ. ನನಗೆ ಹಾಗೆ ಕಂಡಿತು.

ಅವಳಿಲ್ಲದಿದ್ದರೆ ನಡೆಯುವುದಿಲ್ಲ. ಉಣ್ಣಿಸುವವಳು ನಾನು, ಮೈ ಒರೆಸುವವಳು ನಾನು, ರಾತ್ರಿ ಮಗ್ಗುಲು ತಿರುಗಿಸುವವಳು ನಾನು. ಸಂಜೆ ಪರದೆಯ ಅಂಚು ಸೊಟ್ಟಗೆ ಹೊಲಿದು, ಪೂರ್ತಿ ಬಿಚ್ಚಿ ಮತ್ತೆ ಹೊಲಿದೆ. ಮೈಯೆಲ್ಲ ಉರಿಯುತ್ತಿದೆ. ಇದಕ್ಕೆ ಯಾವ ಮಾತ್ರೆ ಇದೆಯೋ ಔಷಧಿ ಅಂಗಡಿಯವನನ್ನು ಕೇಳಬೇಕು.

ಜೂನ್ ೨೦, ಶುಕ್ರವಾರ

ಬೆಳಿಗ್ಗೆ ಮತ್ತೆ "ಸಿನೆ ಕ್ವಾ ನಾನ್" ಶುರುವಾಯಿತು. ಇವತ್ತು ಅವಳು ಬರುವ ದಿನವಲ್ಲ ಎಂದು ಖಾರವಾಗಿಯೇ ಹೇಳಿದೆ. ಇವರು ನನ್ನನ್ನೂ ಬಾಗಿಲನ್ನೂ ನೋಡಿದರು. ಆಮೇಲೆ ಹಾಸಿಗೆ ಒದ್ದೆಯಾಯಿತು.

ಇವರು ನೋಡುತ್ತಿದ್ದದ್ದು ಬಚ್ಚಲಿನ ಬಾಗಿಲು!

ಬಟ್ಟೆ ಬದಲಿಸುವಾಗ ಇವರು ಮುಖ ಆ ಕಡೆ ಮಾಡಿ ಮಲಗಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಹೌದಲ್ಲ, ಅದಿಲ್ಲದೆ ಯಾರಿಗೆ ತಾನೆ ನಡೆದೀತು? "ಸರಿಯಾಗೇ ಹೇಳಿದ್ರಿ, ನಂಗೇ ತಿಳೀಲಿಲ್ಲ" ಎಂದೆ. ಇವರ ಹೊಟ್ಟೆ ಕುಲುಕತೊಡಗಿತು. ಇಬ್ಬರೂ ಒದ್ದೆ ಬಟ್ಟೆಗಳ ನಡುವೆ ಕೂತು ನಕ್ಕೆವು.

ಫ್ರೆಂಚಮ್ಮನಿಗೆ ಇದನ್ನು ಹೇಳುವುದಿಲ್ಲ. ಇದೊಂದು ನನ್ನ ಹತ್ತಿರವೇ ಇರಲಿ.

ಜೂನ್ ೨೮, ಶನಿವಾರ

ಬಿಗುಮಾನ ಬಿಟ್ಟು ಫ್ರೆಂಚಮ್ಮನನ್ನೇ ಕೇಳಿದೆ. ಇವರು ಅನ್ನುವುದಕ್ಕೆಲ್ಲ ಅರ್ಥ ಹೇಳಿಕೊಡಿ ಎಂದು. ಅವಳ ಮೇಲಿನ ಪ್ರೀತಿಯಿಂದಲ್ಲ. ಅವಳಿಗೆ ಗೊತ್ತಿರುವುದೆಲ್ಲ ನನಗೂ ಗೊತ್ತಾದರೆ ಅವಳು ಬರಬೇಕಾಗಿಯೇ ಇಲ್ಲ, ಅಲ್ಲವೇ?

ಇವರು ನಿದ್ದೆ ಹೋದಮೇಲೆ ಅವಳು ಮೆಷಿನ್ನಿನ ಪಕ್ಕ ಕೂತು ಹೇಳುತ್ತಾಳೆ, ನಾನು ಹೊಲಿಯುತ್ತ ಕೇಳುತ್ತೇನೆ. ಸ್ಟೇಟಸ್ ಕ್ವೋ ಎಂದರೆ ಇದ್ದದ್ದು ಇದ್ದ ಹಾಗೆ. ಅಡ್ ಹಾಕ್ ಎಂದರೆ ಆ ಹೊತ್ತಿನ ಒಂದು ಕೆಲಸಕ್ಕೆಂದು ಮಾಡಿಕೊಂಡದ್ದು. ನಾನು ಉದ್ದ ಸಾಲದ ಬಟ್ಟೆಗೆ ಪಟ್ಟಿ ಜೋಡಿಸುತ್ತೇನಲ್ಲ, ಹಾಗೆ. ಫೋ ಪಾ ಎಂದರೆ ತಪ್ಪು ಹೆಜ್ಜೆ, ನಾಲ್ಕು ಜನರ ಮುಂದೆ ಆಡಬಾರದ್ದು ಆಡಿ ಮುಖ ಕೆಡಿಸಿಕೊಳ್ಳುವುದು. ಪರ್ಸೋನಾ ನಾನ್ ಗ್ರಾಟಾ ಎಂದರೆ ಬಂದರೆ ಯಾರಿಗೂ ಬೇಡವಾದ ಮನುಷ್ಯ. ಅದನ್ನು ಕೇಳಿ ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಹೊಟ್ಟೆಕಿಚ್ಚಿಗೆ ಅವರು ಏನನ್ನುತ್ತಾರೆ ಎಂದು ಸುಮ್ಮನೆ ಕೇಳಿದೆ. ಇಂಗ್ಲಿಷಿನವರೂ ಫ್ರೆಂಚಿನವರೂ ಅದಕ್ಕೆ ಮನುಷ್ಯ ಹಸಿರಾದ ಎನ್ನುತ್ತಾರಂತೆ. ಹಸಿರು! ಅದು ತಂಪಿನ ಬಣ್ಣವಲ್ಲವೇ? ನಮ್ಮವರೇ ವಾಸಿ. ಎಲ್ಲಿ ಉರಿಯುತ್ತದೆ ಎಂದು ಜಾಗ ಸಮೇತ ಹೇಳಿದ್ದಾರೆ.

ಜುಲೈ ೪, ಶುಕ್ರವಾರ

ಅರ್ಥ ಗೊತ್ತಾದರೂ ಸಾಲದು. ಇವರು ಅದನ್ನು ಅದೇ ಅರ್ಥಕ್ಕೆ ಬಳಸಬೇಕಲ್ಲ. "ಸ್ಟೇಟಸ್ ಕ್ವೋ" ಎಂದು ಎಳೆದು ಹೇಳಿದರೆ ದಿಂಬು ಜಾರಿದೆ ಎಂದು. ಚಿಕ್ಕದಾಗಿ ಹೇಳಿದರೆ ದೀಪ ಆರಿಸು ಎಂದು. "ವನ್ಸ್ ಇನ್ ಎ ಬ್ಲೂ ಮೂನ್" ಎಂದರೆ ಮಗಳ ಫೋನು. ಇದು ಸ್ವಲ್ಪ ಸರಿಯಾಗಿಯೇ ಇದೆ, ಅವಳು ಫೋನ್ ಮಾಡುವುದು ಅಪರೂಪಕ್ಕೇ. ಕಾಲಿನ ವ್ಯಾಯಾಮ ಮಾಡಿಸುವವನು ಬಂದಾಗ ಮಾತ್ರ "ಪರ್ಸೋನಾ ನಾನ್ ಗ್ರಾಟಾ" ಎಂದು ನಿಘಂಟಿನಲ್ಲಿದ್ದ ಹಾಗೇ ಹೇಳುತ್ತಾರೆ.

ಜುಲೈ ೧೫, ಮಂಗಳವಾರ

ಬರೆಯಬಾರದು ಎಂದುಕೊಂಡಿದ್ದೆ. ಬರೆಯುತ್ತೇನೆ.

ಅಂಗಡಿಯಿಂದ ಬಂದಾಗ ಫ್ರೆಂಚಮ್ಮ ತನ್ನ ಕರವಸ್ತ್ರದಿಂದ ಇವರ ಬಾಯಿಯ ಅಂಚು ಒರೆಸುತ್ತಿದ್ದಳು. ಇವರು ಮಗುವಿನ ಹಾಗೆ ಮುಖ ಎತ್ತಿ ಕೊಟ್ಟಿದ್ದರು. ನಾನು ಒರೆಸುವಾಗ ಮುಖ ಸಿಂಡರಿಸುತ್ತಾರೆ. ಚೀಲ ಅಲ್ಲೇ ನೆಲಕ್ಕೆ ಇಟ್ಟೆ.

"ನೀವು ಇನ್ನು ಬರೋದು ಬೇಡ" ಎಂದೆ. "ಮನೇಲಿ ನಾನಿದೀನಿ."

ಅವಳು ಕರವಸ್ತ್ರ ಮಡಚಿ ಚೀಲಕ್ಕೆ ಹಾಕಿಕೊಂಡಳು. ಹೊರಡುವಾಗ ಸ್ಟೂಲನ್ನು ಅಡುಗೆಮನೆಯಲ್ಲಿ ಅದರ ಜಾಗಕ್ಕೆ ಇಟ್ಟು ಹೋದಳು. ಇವರು "ಫೋ ಪಾ" ಎಂದರು. ಇದನ್ನು ಯಾವ ಅರ್ಥದಲ್ಲಿ ಹೇಳಿದರೋ ನನಗೆ ಚೆನ್ನಾಗಿ ಗೊತ್ತಾಯಿತು.

ಜುಲೈ ೧೭, ಗುರುವಾರ

ಲ್ಯಾಟಿನ್ನೂ ಇಲ್ಲ, ಫ್ರೆಂಚೂ ಇಲ್ಲ. ಗೋಡೆ ನೋಡುತ್ತಾರೆ.

ಜುಲೈ ೧೮, ಶುಕ್ರವಾರ

ಡಾಕ್ಟರು ಇವರ ಮುಂದೆ ಚಿತ್ರಗಳನ್ನು ಹಿಡಿದು ಹಿಡಿದು ಸೋತರು. ಯಾರ ಜೊತೆ ಮಾತಾಡಬೇಕು ಅನ್ನಿಸುತ್ತದೋ ಅವರ ಜೊತೆಯೇ ಮಾತು ಬರುವುದು, ಆ ಮೇಡಂ ಯಾಕೆ ಬರುತ್ತಿಲ್ಲ ಎಂದು ಕೇಳಿದರು. ಊರಲ್ಲಿಲ್ಲ ಎಂದು ಸುಳ್ಳು ಹೇಳಿದೆ.

ಯಾರ ಜೊತೆ ಮಾತಾಡಬೇಕು ಅನ್ನಿಸುತ್ತದೋ ಅವರ ಜೊತೆ. ಡಾಕ್ಟರಿಗೆ ಏನು, ಹೇಳಿ ಹೋದರು.

ಜುಲೈ ೧೯, ಶನಿವಾರ

ಇವರನ್ನು ಔಷಧಿ ಅಂಗಡಿಯವನ ಹೆಂಡತಿಯ ವಶಕ್ಕೆ ಬಿಟ್ಟು ಫ್ರೆಂಚಮ್ಮನ ಮನೆಗೆ ಹೋದೆ. ಗಡಿಯಾರ ರಿಪೇರಿ ಅಂಗಡಿಯ ಮೇಲೆ ಒಂದೇ ಕೋಣೆ. ಗೋಡೆಯ ಎತ್ತರಕ್ಕೆ ಪುಸ್ತಕ. ಕಿಟಕಿಗೆ ಪರದೆಯಿಲ್ಲ, ಬಿಸಿಲು ತಡೆಯಲು ಹಳೆಯ ಪತ್ರಿಕೆ ಅಂಟಿಸಿಕೊಂಡಿದ್ದಾಳೆ. ಒಂದೇ ಕುರ್ಚಿ. ಅದನ್ನು ನನಗೆ ಕೊಟ್ಟು ತಾನು ಮಂಚದ ಮೇಲೆ ಕೂತಳು.

ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಇವರ ಹಾಗೆ "ಅದು... ಅದು..." ಎಂದೆ. ಕೊನೆಗೆ, "ಅವರು ನನ್ನ ಹತ್ರ ಮಾತಾಡಲ್ಲ. ನಿಮ್ಮ ಹತ್ರ ಮಾತಾಡ್ತಾರೆ. ಬನ್ನಿ" ಎಂದೆ. ಅಷ್ಟು ಹೇಳುವುದಕ್ಕೆ ನನಗೆ ಎಷ್ಟು ಕಷ್ಟವಾಯಿತು ಎಂದು ಆ ಪುಸ್ತಕಗಳಲ್ಲಿ ಯಾವುದರಲ್ಲೂ ಬರೆದಿರಲಾರದು.

ಅವಳು ಕನ್ನಡಕ ತೆಗೆದು ಕೊರಳಿಗೆ ಇಳಿಬಿಟ್ಟಳು. ಆಮೇಲೆ ಹೇಳಿದಳು, "ಅವರು ನನ್ನ ಹತ್ರ ಮಾತಾಡ್ತಾರೆ ಅಂತ ನಿಮಗೆ ಯಾರು ಹೇಳಿದ್ರು ಅಕ್ಕಾ? ನಾನೊಂದು ಅಂತೀನಿ. ಅವರ ಬಾಯಿಗೆ ಯಾವುದು ಬರುತ್ತೋ ಅದನ್ನ ಅಂತಾರೆ. ಒಂದಕ್ಕೊಂದು ಸಂಬಂಧ ಇಲ್ಲ. ಅರ್ಥ ಆದೋರ ಹಾಗೆ ನಾನು ನಗ್ತೀನಿ, ಅಷ್ಟೇ."

"ಆ ದಿನ? ತೆತ್ ಆ ತೆತ್?"

"ಅವತ್ತೂ ಅಷ್ಟೇ. ನಗದೇ ಇದ್ರೆ ಅವರ ಮುಖ ನೋಡೋಕಾಗಲ್ಲ. ಮನೆಗೆ ಬಂದು ಅಳ್ತೀನಿ."

ನನಗೆ ಖುಷಿಯಾಗಬೇಕಿತ್ತು. ಎಷ್ಟು ದಿನದಿಂದ ಕೇಳಬೇಕೆಂದಿದ್ದ ಮಾತು. ಆದರೆ ಕಿಟಕಿಯ ಪತ್ರಿಕೆಗಳನ್ನೇ ನೋಡುತ್ತ ಕೂತೆ. ಎದ್ದು ಹೊರಡುವಾಗ ಗೇಣು ಹಾಕಿ ಕಿಟಕಿಯ ಅಳತೆ ತೆಗೆದುಕೊಂಡೆ. ಬೇಡ ಎಂದಳು. ಹೋಟೆಲಿನವರ ಬಟ್ಟೆ ಉಳಿದಿದೆ, ವ್ಯರ್ಥ ಯಾಕೆ ಎಂದೆ.

ಜುಲೈ ೨೯, ಮಂಗಳವಾರ

ಫ್ರೆಂಚಮ್ಮ ಬರುತ್ತಿದ್ದಾರೆ. ಸಿನೆ ಕ್ವಾ ನಾನ್ ವಿಷಯ ಹೇಳಿಬಿಟ್ಟೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಇಷ್ಟು ವರ್ಷ ಪಾಠ ಮಾಡಿದೆ, ಇಷ್ಟು ಒಳ್ಳೇ ಉದಾಹರಣೆ ಸಿಕ್ಕಿರಲಿಲ್ಲ" ಎಂದರು. ಇವರು ಒಳಗಿನಿಂದ "ತೆತ್ ಆ ತೆತ್" ಎಂದು ಕೂಗಿದರು. ನಾವಿಬ್ಬರೇ ನಗುತ್ತಿರುವುದಕ್ಕೆ ಇವರಿಗೆ ಕೋಪ. ಇರಲಿ ಸ್ವಲ್ಪ.

ಆಗಸ್ಟ್ ೯, ಶನಿವಾರ

ಟೈರು ಅಂಗಡಿಯ ನನ್ನ ಮೈದುನ ನೋಡಲು ಬಂದಿದ್ದ. ಅರ್ಧ ಗಂಟೆ ತನ್ನ ಬೆನ್ನುನೋವಿನ ಕತೆಯನ್ನೇ ಹೇಳಿದ. ಇವರು ನನ್ನ ಕಡೆ ನೋಡಿ "ಪರ್ಸೋನಾ ನಾನ್ ಗ್ರಾಟಾ" ಎಂದರು. ಅಣ್ಣ ಏನಂದ ಎಂದು ಅವನು ಕೇಳಿದ. ನೀನು ಬಂದದ್ದು ಬಹಳ ಸಂತೋಷ ಅಂತಿದ್ದಾರೆ ಎಂದೆ. ಅವನು ಕಣ್ಣು ತುಂಬಿಕೊಂಡು ಇನ್ನರ್ಧ ಗಂಟೆ ಕೂತ. ಇವರು ನನ್ನನ್ನು ತಿನ್ನುವ ಹಾಗೆ ನೋಡಿದರು.

ಈಗ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಡಾಕ್ಟರು ಚಿತ್ರ ಹಿಡಿಯುವ ಮೊದಲು ನನ್ನ ಮುಖ ನೋಡುತ್ತಾರೆ. ಫ್ರೆಂಚಮ್ಮನೂ, "ಏನಂತಿದಾರೆ ಅಕ್ಕಾ?" ಎಂದು ಕೇಳುತ್ತಾರೆ. ನಾನು ಕತ್ತರಿ ಕೆಳಗಿಡದೆಯೇ ಹೇಳುತ್ತೇನೆ. ಇವರ ಉಸಿರಿನ ಏರಿಳಿತದಿಂದ ಯಾವ ಮಾತು ಬರುತ್ತದೆ ಎಂದೂ ತಿಳಿಯುತ್ತದೆ. ಮದುವೆಯಾದಾಗಿನಿಂದ ಇವರನ್ನು ಇಷ್ಟು ಕಿವಿಗೊಟ್ಟು ಕೇಳಿದ್ದೇ ಇಲ್ಲ. ಇವರೂ ಏನಾದರೂ ಹೇಳಿ ನನ್ನ ಮುಖವನ್ನು ಇಷ್ಟು ಹೊತ್ತು ನೋಡಿದವರಲ್ಲ.

ಹೋಟೆಲಿನವರು ಪರದೆ ಎಲ್ಲಿ ಎಂದು ಬೈದರು. ಸೆ ಲಾ ವಿ ಎಂದೆ.

ಆಗಸ್ಟ್ ೨೦, ಬುಧವಾರ

ಔಷಧಿ ಅಂಗಡಿಯವನು ಮಾತ್ರೆ ತಂದಿದ್ದ. ಒಂದು ಬಗೆಯದು ಇರಲಿಲ್ಲ. ಇವರು ಹಾಸಿಗೆಯಿಂದ "ನಾಳೆ... ಬಾ" ಎಂದರು.

ಕನ್ನಡದಲ್ಲಿ. ಅವನಿಗೆ.

ಅವನು ಓಡಿಬಂದು ಇವರ ಕೈ ಹಿಡಿದುಕೊಂಡ. ಡಾಕ್ಟರಿಗೆ ತಾನೇ ಫೋನ್ ಮಾಡಿದ. ಮಗಳಿಗೂ ಮಾಡಿದ. ಎಲ್ಲರಿಗೂ ಸಂತೋಷ. ನನಗೂ ಸಂತೋಷವೇ. ಸಂತೋಷವಾಗದೆ ಏನು? ಆದರೆ ಹಗಲೂ ರಾತ್ರಿ ಪಕ್ಕದಲ್ಲಿರುವವಳು ನಾನು. ಮೊದಲ ಮಾತು ಮಾತ್ರೆ ಮಾರುವವನಿಗೆ.

ಆಗಸ್ಟ್ ೨೯, ಶುಕ್ರವಾರ

ಅನ್ನ, ನೀರು, ಸಾಕು, ಬೇಡ, ಬಿಸಿ, ಹೋಗು. ದಿನಕ್ಕೊಂದು ಬರುತ್ತಿದೆ. ಮಗಳು ಫೋನಿನಲ್ಲಿ ನೇರ ಇವರ ಜೊತೆಯೇ ಮಾತಾಡಿದಳು. ನನ್ನದು ಫೋನು ಹಿಡಿದು ನಿಲ್ಲುವ ಕೆಲಸ. ಕೈ ನೋಯುತ್ತಿದ್ದರೂ ಅವಳು ನನ್ನನ್ನು ಕೇಳಲಿಲ್ಲ. ಡಾಕ್ಟರೂ ಈಗ ನನ್ನ ಮುಖ ನೋಡುವುದಿಲ್ಲ. ವಾರದಿಂದ "ಸ್ಟೇಟಸ್ ಕ್ವೋ" ಕೇಳಿಲ್ಲ. ದಿಂಬು ಜಾರಿದರೆ "ದಿಂಬು" ಎನ್ನುತ್ತಾರೆ, ಯಾರಿದ್ದರೂ ಎದ್ದು ಸರಿಮಾಡುತ್ತಾರೆ.

ಡಾಕ್ಟರು ಮುಂದಿನದು ವಾಕ್ಯ ಎಂದರು. ಪದಗಳು ಬಂದಿವೆ, ಕಟ್ಟುವುದೊಂದು ಬಾಕಿ. ಕೆಲವರಿಗೆ ಪದಗಳಲ್ಲೇ ನಿಂತುಹೋಗುತ್ತದಂತೆ.

ಸೆಪ್ಟೆಂಬರ್ ೫, ಶುಕ್ರವಾರ

ನನಗೇನಾಗಿದೆಯೋ ಗೊತ್ತಿಲ್ಲ. ಇವರು "ಟೀ" ಎಂದು ಫ್ರೆಂಚಮ್ಮನಿಗೆ ಹೇಳಿದರು, ಅವರು ಹೋಗಿ ಮಾಡಿಕೊಂಡು ಬಂದರು. ನನ್ನ ಅಡುಗೆಮನೆಯಲ್ಲಿ ಅವರಿಗೆ ಸಕ್ಕರೆ ಡಬ್ಬಿ ಎಲ್ಲಿದೆ ಎಂದೂ ಗೊತ್ತು. ನನಗೂ ಒಂದು ಲೋಟ ತಂದರು. ಕುಡಿದೆ. ತಲೆನೋವು ಎಂದು ಬೇಗ ಮಲಗಿದೆ.

ಸೆಪ್ಟೆಂಬರ್ ೧೪, ಭಾನುವಾರ

ಮಧ್ಯಾಹ್ನ ಗಾಳಿ ಎದ್ದಿತು. ಫ್ರೆಂಚಮ್ಮ ಒಳಗೆ ಇವರ ಹತ್ತಿರ ಕೂತಿದ್ದರು, ನಾನು ಮೆಷಿನ್ನಿನಲ್ಲಿ ಅವರ ಕಿಟಕಿಯ ಪರದೆಗೆ ಕೊನೆಯ ಅಂಚು ಹೊಲಿಯುತ್ತಿದ್ದೆ. ಇವರ ಕಿಟಕಿ ಪಟಪಟ ಹೊಡೆದುಕೊಳ್ಳುತ್ತಿರುವುದು ನನಗೂ ಕೇಳಿಸುತ್ತಿತ್ತು.

"ಕಿಟಕಿ" ಎಂದರು ಇವರು.

ಫ್ರೆಂಚಮ್ಮ ಎದ್ದರು. ಇವರು ಕೈಯಾಡಿಸಿ ಕೂರಿಸಿದ್ದು ತೆರೆದ ಬಾಗಿಲಿನಿಂದ ಕಂಡಿತು. ನಾನು ಮೆಷಿನ್ ತುಳಿಯುತ್ತಲೇ ಇದ್ದೆ. ಬೇಕೆಂದೇ ತುಳಿದೆ. ಕಿಟಕಿ ಎಂದರೆ ಬೀದಿಯಲ್ಲಿ ಹೋಗುವವರಿಗೂ ತಿಳಿಯುತ್ತದೆ, ಅದಕ್ಕೆ ನಾನೇ ಯಾಕೆ ಬೇಕು?

"ಕಿಟಕಿ... ಮುಚ್ಚು."

ಇನ್ನಷ್ಟು ಜೋರಾಗಿ ತುಳಿದೆ. ಒಳಗೆ ಮಂಚ ಕಿರುಗುಟ್ಟಿತು. ಇವರು ಎಡಗೈ ಊರಿ ಎದ್ದು ಕೂತಿದ್ದರು. ಮುಖ ಕೆಂಪಾಗಿತ್ತು, ಗಂಟಲ ನರ ಉಬ್ಬಿತ್ತು.

"ಕಿವಿ ಕೇಳ್ಸಲ್ವಾ ನಿಂಗೆ?"

ಮೆಷಿನ್ನು ತಾನಾಗಿ ನಿಂತಿತು. ಫ್ರೆಂಚಮ್ಮ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ, "ವಾಕ್ಯ ಅಕ್ಕಾ, ಪೂರ್ತಿ ವಾಕ್ಯ" ಎಂದರು. ಅವರ ಕಣ್ಣಲ್ಲಿ ನೀರು.

ಇವರು ಇನ್ನೂ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು. ತಾವು ಏನು ಮಾಡಿದೆವೆಂದು ಇವರಿಗೆ ತಿಳಿದಿರಲೇ ಇಲ್ಲ. ಕೋಪವೊಂದೇ. ಬರುವ ದಿನಗಳಲ್ಲಿ ಡಾಕ್ಟರ ಜೊತೆ ಮಾತಾಡುತ್ತಾರೆ, ಮಗಳ ಜೊತೆ, ಔಷಧಿ ಅಂಗಡಿಯವನ ಜೊತೆ ಮಾತಾಡುತ್ತಾರೆ. ಫ್ರೆಂಚಮ್ಮನ ಜೊತೆ ಎಷ್ಟು ಭಾಷೆಯಲ್ಲಿ ಬೇಕಾದರೂ ಮಾತಾಡಲಿ. ಅವರನ್ನು ನೀವು ಎಂದೇ ಮಾತಾಡಿಸುತ್ತಾರೆ. ಇವರು ಈ ದನಿಯಲ್ಲಿ ಗದರಿಸಿದ್ದನ್ನು ಆ ಕಾಲೇಜಿನಲ್ಲಿ ಒಬ್ಬರೂ ಕೇಳಿರಲಾರರು.

ಕಿಟಕಿ ಮುಚ್ಚಲು ಎದ್ದೆ. ಆದಷ್ಟು ನಿಧಾನವಾಗಿ ಎದ್ದೆ, ಇನ್ನೊಂದು ಸಲ ಬೈಯಲಿ ಎಂದು.